ಜಗಲಿಯ ಮೇಲಿನ ಅಕ್ಕ

ನಮ್ಮ ಮನೆತನದ ಹಿಂದಿನದನ್ನು ಹುಡುಕಲು ನಾನು ಹೊರಟದ್ದು ಒಂದು ಹೆಸರಿಗಾಗಿ. ಅದಕ್ಕಿಂತ ಹೆಚ್ಚಿಗೆ ಏನನ್ನೂ ತಿಳಿಯುವ ಆಸೆ ನನಗಿರಲಿಲ್ಲ. ಮಗಳು ಚೊಚ್ಚಲ ಹೆರಿಗೆಗೆ ಗೋಕಾಕದ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಲ್ಲಿ ಹಾಕುವ ದಿನ ಅದರ ಕಿವಿಯಲ್ಲಿ ಹೇಳಲು ಒಂದು ಹೆಸರು ಬೇಕಾಗಿತ್ತು.

ಆಗ ನನಗೆ ಮೂವತ್ತೈದು ದಾಟಿತ್ತು. ದೊಡ್ಡ ಯುದ್ಧ ಎರಡನೆಯ ಸಲ ಶುರುವಾಗಿ, ಪೇಟೆಯಲ್ಲಿ ಒಂದೊಂದೇ ಸಾಮಾನು ತುಟ್ಟಿಯಾಗತೊಡಗಿದ್ದ ಕಾಲ. ಬಾಣಂತಿಯನ್ನು ನೋಡಿಕೊಳ್ಳಲು ಮೂಡಲಗಿಯಿಂದ ಅವ್ವ ಬಂದಿದ್ದಳು. ಅವ್ವ ಎಂದು ನಾನು ಬರೆಯುವುದು ನನ್ನ ತಂದೆಯ ಎರಡನೆಯ ಹೆಂಡತಿಯನ್ನು. ನನ್ನನ್ನು ಸಾಕಿದವಳು ಅವಳೇ. ಹೆತ್ತವಳು ನಾನು ಮೂರು ವರ್ಷದವಳಿದ್ದಾಗ ಪ್ಲೇಗಿನಲ್ಲಿ ತೀರಿಕೊಂಡಳೆಂದು ನಾನು ತಿಳಿದಿದ್ದೆ. ಮನೆಯಲ್ಲಿ ಎಲ್ಲರೂ ಹಾಗೆಯೇ ತಿಳಿದಿದ್ದರು.

ಒಂದು ಮುಂಜಾನೆ ಅವ್ವ ಬಚ್ಚಲಲ್ಲಿ ಕಾಲು ಚಾಚಿ, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದಳು. ನೀರು ಹಾಕಿಕೊಡುತ್ತಿದ್ದವಳು ನಾನು.

"ಮೂಗ ನೋಡ ಇದರದು. ಅಕ್ಕಂದ ಮೂಗ," ಅಂದಳು. "ಅಕ್ಕನ ಬಂದಾಳ ನಿನ್ನ ಮನಿಗೆ. ಅಕಿ ಹೆಸರ ಇಡ್ರಿ."

"ನೀ ಅಕಿನ್ನ ನೋಡೀಯೇನ ಅವ್ವಾ?"

"ನೋಡಿಲ್ಲ. ಮೂವತ್ತ ವರ್ಷ ಕೊಳ್ಳಾಗ ಕಟಗೊಂಡ ತಿರಗೇನಿ. ಅಕಿ ಮೂಗ ನನಗ ಗೊತ್ತಿಲ್ಲಂದ್ರ ಮತ್ಯಾರಿಗೆ ಗೊತ್ತ?"

ಈ ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಮೊದಲ ಹೆಂಡತಿ ಸತ್ತ ಮನೆಗೆ ಎರಡನೆಯವಳಾಗಿ ಬರುವ ಹೆಣ್ಣು, ಸತ್ತವಳ ರೂಪವನ್ನು ಬೆಳ್ಳಿಯ ಸಣ್ಣ ತಗಡಿನಲ್ಲಿ ಒತ್ತಿಸಿ, ತಾಳಿಯ ಜೊತೆಗೆ ಕೊರಳಲ್ಲಿ ಕಟ್ಟಿಕೊಳ್ಳುತ್ತಾಳೆ. ಹೋದವಳು ಮುನಿಯಬಾರದು, ಹೊಸಬಳ ಮಕ್ಕಳನ್ನು ಕಾಡಬಾರದು ಎಂದು. ಅವ್ವನ ಕೊರಳಲ್ಲಿ ಅಂಥದ್ದಿತ್ತು. ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಎರಡು ಕಣ್ಣು, ಒಂದು ಮೂಗು, ಕೆಳಗೆ ಸೀರೆಯ ನಿರಿಗೆಯ ಗೆರೆಗಳು. ಅದಕ್ಕೆ ಮನೆಯಲ್ಲಿ ಅಕ್ಕ ಎಂದೇ ಹೆಸರು. ಹಬ್ಬದ ಅಡಿಗೆಯಾದರೆ ಅವ್ವ ಮೊದಲ ತುತ್ತನ್ನು ಅದಕ್ಕೆ ತಾಗಿಸಿ, "ಅಕ್ಕಾ, ನೀ ಮೊದಲ ಉಣ್ಣ," ಎಂದು ಆಮೇಲೆ ತಾನು ಉಣ್ಣುತ್ತಿದ್ದಳು. ನಾವು ಮಕ್ಕಳು ಜಗಳವಾಡಿದರೆ ಅದನ್ನು ಹಿಡಿದುಕೊಂಡು, "ನೋಡ ಅಕ್ಕಾ, ನಿನ್ನ ಮಗಳ ಮಾಡೂದ," ಎಂದು ನನ್ನ ಮೇಲೆ ಚಾಡಿ ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ನನ್ನ ತಂದೆ ತೀರಿಕೊಂಡಾಗ ಅವ್ವನ ಬಳೆ ಒಡೆದರು, ತಾಳಿ ತೆಗೆದರು. ತಗಡನ್ನು ತೊಳೆದು ದೇವರ ಜಗಲಿಯ ಮೇಲೆ, ಮನೆದೇವರ ಪಕ್ಕದಲ್ಲಿ ಇಟ್ಟರು.

ಹೆಸರಿನ ತೊಡಕು ಏನೆಂದರೆ, ಹೆತ್ತವಳಿಗೆ ಅತ್ತೆಯ ಮನೆಯಲ್ಲಿ ಮದುವೆಯ ದಿನ ಇಟ್ಟ ಹೆಸರನ್ನೇ, ಅವಳು ಹೋದ ಮೇಲೆ ಬಂದ ಅವ್ವನಿಗೂ ಇಟ್ಟಿದ್ದರು. ನಮ್ಮಲ್ಲಿ ಬದುಕಿರುವವರ ಹೆಸರನ್ನು ಕೂಸಿಗೆ ಇಡುವುದಿಲ್ಲ. ಇಟ್ಟರೆ ಆ ಹಿರಿಯರ ಆಯುಷ್ಯಕ್ಕೆ ಕೇಡು ಎಂದು ನಂಬಿಕೆ. ಅವ್ವ ಬದುಕಿದ್ದಳು, ಆದ್ದರಿಂದ ಆ ಹೆಸರು ಇಡಲು ಬರುತ್ತಿರಲಿಲ್ಲ. ಉಳಿದದ್ದು ಹೆತ್ತವಳ ತವರಿನ ಹೆಸರು. ಅದು ನಮಗೆ ಯಾರಿಗೂ ತಿಳಿಯದು. ಅಜ್ಜಿ, ಅಂದರೆ ತಂದೆಯ ತಾಯಿ, ಹೋಗಿ ಬಹಳ ಕಾಲವಾಗಿತ್ತು. ತಂದೆ ಬದುಕಿದ್ದಾಗ ನಾನು ಕೇಳಿರಲಿಲ್ಲ. ಜಗಲಿಯ ಮೇಲೆ ಇರುವವರಿಗೆ ಕುಂಕುಮ ಹಚ್ಚುತ್ತೇವೆ, ಹೂವು ಏರಿಸುತ್ತೇವೆ. ಅವರ ಹೆಸರನ್ನು ಯಾರು ಕೇಳುತ್ತಾರೆ?

ತಂದೆ ಆ ವರ್ಷದ ಸಂಗತಿಯನ್ನು ಹೇಳಿದ್ದು ಒಂದೇ ಸಲ, ನನ್ನ ಮದುವೆಯ ಮುಂಚೆ. ಹೆತ್ತವಳು ಎರಡನೆಯ ಹೆರಿಗೆಗೆ ಹುಕ್ಕೇರಿ ಕಡೆಯ ತವರಿಗೆ ಹೋಗಿದ್ದಳು. ನನಗೆ ಗೊಬ್ಬರ, ಅಂದರೆ ದಡಾರ, ಎದ್ದಿದ್ದರಿಂದ ನನ್ನನ್ನು ಮೂಡಲಗಿಯಲ್ಲೇ ಅಜ್ಜಿಯ ಹತ್ತಿರ ಬಿಟ್ಟಿದ್ದಳು. ಅಷ್ಟರಲ್ಲಿ ಪ್ಲೇಗು ಬಂತು. ಮನೆಗಳಲ್ಲಿ ಇಲಿ ಸತ್ತು ಬೀಳತೊಡಗಿದಾಗ ನಮ್ಮ ಊರಿನವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹುಕ್ಕೇರಿ ಕಡೆ ಜೋರಾಗಿದೆ ಎಂದು ಯಾರೋ ಗಾಡಿಯವರು ಹೇಳಿದರು. ತಂದೆ ನಡೆದೇ ಹೋದ. ಊರ ಸೀಮೆಯಲ್ಲಿ ಕಾವಲಿನವರು ಒಳಗೆ ಬಿಡಲಿಲ್ಲ. ದೂರದಿಂದ ಮನೆ ಕಾಣುತ್ತಿತ್ತು; ಹಂಚು ತೆಗೆದು ಒಳಗೆ ಬಿಸಿಲು ಬೀಳುವ ಹಾಗೆ ಮಾಡಿದ್ದರು. ಬೇನೆಯಲ್ಲಿ ಸತ್ತ ಮನೆಗಳಿಗೆ ಹಾಗೆ ಮಾಡುತ್ತಿದ್ದರು. ಆ ಮನೆಯವರ ಸುದ್ದಿ ಏನೆಂದು ತಂದೆ ಕಾವಲಿನವನನ್ನು ಕೇಳಿದ. "ಬಾಣಂತಿ ಹೋದ್ಲ, ಕೂಸೂ ಹೋತ. ಮಣ್ಣೂ ಆಗೇತಿ. ನೀ ಹೋಗ ಇಲ್ಲಿಂದ," ಎಂದು ಅವನು ಹೇಳಿದ. ತಂದೆ ದಾರಿಯ ಹೊಳೆಯಲ್ಲಿ ಮುಳುಗಿ ಎದ್ದು ಮನೆಗೆ ಬಂದ. ಮಾಡಬೇಕಾದದ್ದನ್ನೆಲ್ಲ ಮಾಡಿದ. ಸಣ್ಣ ಕೂಸು ಮನೆಯಲ್ಲಿತ್ತು, ಆ ಕೂಸು ನಾನು. ವರ್ಷ ತುಂಬುವ ಮೊದಲೇ ಅವ್ವನನ್ನು ತಂದರು.

ಇಷ್ಟು ನನಗೆ ಗೊತ್ತಿದ್ದದ್ದು. ತವರಿನ ಊರು ಯಾವುದೆಂದು ತಿಳಿದದ್ದು ಹೆಳವನಿಂದ. ಸುಗ್ಗಿಯ ಕಾಲದಲ್ಲಿ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು, ಮನೆತನದ ಮೂಲದಿಂದ ಹಿಡಿದು ಹೆಸರು ಹಾಡುವ ಹೆಳವರು ನಮ್ಮ ಕಡೆಯ ಒಕ್ಕಲು ಮನೆಗಳಿಗೆಲ್ಲ ಉಂಟು. ಹಿಂದಿನ ಸುಗ್ಗಿಯಲ್ಲಿ ನಾನು ಮೂಡಲಗಿಯಲ್ಲಿದ್ದಾಗ ಅವನು ಬಂದಿದ್ದ. ಗಂಡಸರ ಹೆಸರುಗಳನ್ನು ಒಂದೂ ಬಿಡದೆ ಹಾಡಿದ. ಹೆಂಗಸರು ಬಂದಾಗ ಹೆಸರಿಲ್ಲ, ಇಂಥ ಊರಿನ ಇಂಥ ಮನೆಯಿಂದ ತಂದ ಹೆಣ್ಣು ಎಂದಷ್ಟೇ. ನನ್ನ ತಂದೆಯ ಹತ್ತಿರ ಬಂದಾಗ ಹುಕ್ಕೇರಿ ಸೀಮೆಯ ಒಂದು ಊರನ್ನು, ಒಂದು ಮನೆತನವನ್ನು ಹೇಳಿ, ಪ್ಲೇಗಿನಲ್ಲಿ ಶಿವನ ಪಾದ ಸೇರಿದಳು ಎಂದು ಹಾಡಿದ. ಅದನ್ನು ಅವನಿಗೆ ತಿಳಿಸಿದವರು ನಾವೇ. ಹೆಳವನಿಗೆ ಮನೆಯವರು ಹೇಳಿದ್ದು ಗೊತ್ತಿರುತ್ತದೆ, ಹೇಳದ್ದು ಗೊತ್ತಿರುವುದಿಲ್ಲ. ಆ ಮಾತು ನನಗೆ ಆಗ ಹೊಳೆಯಲಿಲ್ಲ.

ತೊಟ್ಟಿಲಿಗೆ ಇನ್ನೂ ಒಂದು ವಾರವಿತ್ತು. ನನ್ನ ಯಜಮಾನರು ಸಂತೆಯ ಕೆಲಸಕ್ಕೆ ಹುಕ್ಕೇರಿಗೆ ಹೊರಟಿದ್ದರು. ಸರ್ವಿಸ್ ಮೋಟಾರಿನಲ್ಲಿ ನಾನೂ ಹೋದೆ. ಅವರು ಪೇಟೆಯಲ್ಲಿ ಉಳಿದರು. ಸಂತೆ ಮುಗಿಸಿಕೊಂಡು ಆ ಊರಿಗೆ ಮರಳುತ್ತಿದ್ದ ಹೆಂಗಸರ ಜೊತೆ ನನ್ನನ್ನು ಕಳಿಸಿದರು. ಹಿಂದಿನ ದಿನ ಮಳೆಯಾಗಿತ್ತು. ಕರಿ ಮಣ್ಣು ಕಾಲಿಗೆ ಮೆತ್ತಿಕೊಂಡು, ನಾನು ಎರಡು ಹೆಜ್ಜೆಗೊಮ್ಮೆ ನಿಂತು ಕಾಲು ಒರೆಸಿಕೊಳ್ಳುತ್ತಿದ್ದೆ.

"ಗೋಕಾಕದಾಗ ಕೆಸರ ಇಲ್ಲೇನವಾ?" ಎಂದು ಒಬ್ಬಳು ನಕ್ಕಳು. "ಹಿಂಗ ಒರಸ್ಕೊಂತ ಬಂದ್ರ ನಿನ್ನ ಬೀಗರ ಮನಿ ದೀಪಾವಳಿಗೆ ಮುಟ್ಟತಿ."

ನಾನೂ ನಕ್ಕೆ. ಆ ದಿನ ಅದೇ ಕೊನೆಯ ನಗು.

ಹೆಳವ ಹೇಳಿದ ಮನೆತನದ ಮನೆಯನ್ನು ಅವರು ತೋರಿಸಿದರು; ಅದು ಊರ ಹೊರಗಿನ ಓಣಿಯಲ್ಲಿತ್ತು. ಹಂಚು ಹೊಸದಾಗಿರಲಿಲ್ಲ, ಆದರೆ ಹಳೆಯ ಗೋಡೆಗಿಂತ ಈಚಿನದು ಎಂದು ನೋಡಿದರೆ ತಿಳಿಯುತ್ತಿತ್ತು. ಅಂಗಳದಲ್ಲಿ ಕಿತ್ತು ತಂದ ಶೇಂಗಾದ ಬಳ್ಳಿಗಳನ್ನು ರಾಶಿ ಹಾಕಿದ್ದರು. ನನ್ನ ವಯಸ್ಸಿನವನೇ ಒಬ್ಬ ಗಂಡಸು ಹಗ್ಗ ಹೊಸೆಯುತ್ತ ಕುಳಿತಿದ್ದ. ರಾಶಿಯ ಆ ಕಡೆ ಒಬ್ಬ ವಯಸ್ಸಾದ ಹೆಂಗಸು, ನಮಗೆ ಬೆನ್ನು ಮಾಡಿ, ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದಳು.

"ಬರ್ರಿ ಅಕ್ಕಾರ, ಯಾರ ಬೇಕಾಗಿತ್ರಿ?" ಅಂದ ಅವನು.

ನಾನು ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತನ್ನೇ ಹೇಳಿದೆ. ಈ ಮನೆಯ ಹೆಣ್ಣುಮಗಳನ್ನು ಬಹಳ ಹಿಂದೆ ಮೂಡಲಗಿಗೆ ಕೊಟ್ಟಿದ್ದರು, ಪ್ಲೇಗಿನ ವರ್ಷ ಬಾಣಂತನಕ್ಕೆ ಬಂದು ಇಲ್ಲಿಯೇ ತೀರಿಕೊಂಡಳು, ಅವಳ ತವರಿನ ಹೆಸರು ಏನಿತ್ತೆಂದು ಕೇಳಲು ಬಂದೆ.

ಅವನ ಕೈಯಲ್ಲಿ ಹಗ್ಗ ನಿಂತಿತು. "ಪ್ಲೇಗಿನ್ಯಾಗ ಸತ್ತಾಕಿ ನಮ್ಮವ್ವರೀ. ಅಕಿನೂ ಆವಾಗ ಬಾಣಂತಿ. ಅಕಿ ಸತ್ಲು, ಅಕಿ ಕೂಸ ಹೋತ, ನಮ್ಮತ್ತಿ ಕೂಸೂ ಹೋತ. ನಮ್ಮತ್ತಿ ಯಾಕ ಸಾಯತಾಳ್ರಿ? ಅಗಾ ಅಲ್ಲಿ ಕುಂತಾಳ ನೋಡ್ರಿ." ಆಮೇಲೆ ಗಟ್ಟಿಯಾಗಿ, "ಅತ್ತೀ, ನೀ ಸತ್ತೀಯಂತ ನೋಡ!" ಎಂದು ನಗುತ್ತ ಕೂಗಿದ. ಕೂಗಿದ ಮೇಲೆ ನನ್ನ ಮುಖ ನೋಡಿದ. ನಗು ಬಿಟ್ಟು ಎದ್ದು ನಿಂತ.

ಒಂದು ಮನೆಯಲ್ಲಿ ಇಬ್ಬರು ಬಾಣಂತಿಯರಿದ್ದರು. ಕಾವಲಿನವನು ಸುಳ್ಳು ಹೇಳಿರಲಿಲ್ಲ. ತಂದೆ ಯಾವ ಬಾಣಂತಿ ಎಂದು ಕೇಳಿರಲಿಲ್ಲ.

ಅವಳು ತಿರುಗಿದಳು. ನಾನು ಮೊದಲು ನೋಡಿದ್ದು ಮುಖವನ್ನಲ್ಲ, ಕೈಯನ್ನು. ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆ. ಆಮೇಲೆ ಹಣೆಯ ಕುಂಕುಮ. ಆಮೇಲೆ ಮೂಗು. ಅವ್ವ ಹೇಳಿದ್ದು ಖರೆ ಇತ್ತು. ಕೂಸಿಗೆ ಇದ್ದದ್ದು ಅದೇ ಮೂಗು.

"ಯಾವೂರಾಕಿ?" ಎಂದು ಕೇಳಿದಳು.

"ಈಗ ಗೋಕಾಕ. ತವರ ಮೂಡಲಗಿ." ಯಾರ ಮಗಳು ಎಂದೂ ಹೇಳಿದೆ.

ಅವಳು ಏಳಲಿಲ್ಲ, ಅಳಲಿಲ್ಲ. ಕಾಯಿ ಬಿಡಿಸುತ್ತಲೇ ಇದ್ದಳು. ಬಿಡಿಸಿದ ಕಾಯಿಯನ್ನು ಬುಟ್ಟಿಗೆ, ಬರಿ ಬಳ್ಳಿಯನ್ನು ಹಿಂದಕ್ಕೆ ಹಾಕುತ್ತಿದ್ದವಳು, ಒಂದು ಬಳ್ಳಿಯನ್ನು ಕಾಯಿಯ ಸಮೇತ ಹಿಂದಕ್ಕೆ ಹಾಕಿದಳು. ಇನ್ನೊಂದನ್ನೂ ಹಾಗೆಯೇ ಹಾಕಿದಳು. ಅವಳ ಸೋದರಳಿಯ ಅವೆರಡನ್ನೂ ಎತ್ತಿ ರಾಶಿಗೆ ಇಟ್ಟು ಒಳಗೆ ಹೋದ.

"ಎಷ್ಟ ಮಕ್ಕಳ ನಿನಗ?"

"ಒಬ್ಬಾಕಿ ಮಗಳು. ಅಕಿಗೆ ಈಗ ಹೆಣ್ಣ ಆಗೇತಿ."

"ಅದಕ್ಕ ನನ್ನ ಹೆಸರ ಬೇಕಾತೇನ?" ಈಗ ಅವಳು ನಕ್ಕಳು. ಹಲ್ಲು ಅರ್ಧ ಹೋಗಿದ್ದವು. "ಬದುಕಿದ್ದಾಕಿ ಹೆಸರ ಇಡತೀಯೇನವಾ? ನನ್ನ ಕಳಸಾಕ ಬಂದೀಯೇನ ಹಂಗಾರ?"

ನಾನು ಅವಳ ಎದುರಿಗೆ ಕುಳಿತೆ, ಒಂದು ಬಳ್ಳಿ ಎತ್ತಿಕೊಂಡು ಕಾಯಿ ಬಿಡಿಸತೊಡಗಿದೆ. ಕೈಗೆ ಏನಾದರೂ ಬೇಕಾಗಿತ್ತು. ಅವಳು ಮಾತಾಡಿದ್ದನ್ನು ನನ್ನಿಂದ ಆದಷ್ಟು ಅವಳ ಮಾತಿನಲ್ಲೇ ಬರೆಯುತ್ತೇನೆ.

"ನಾ ಬಂದಿದ್ದೆ," ಅಂದಳು. "ಬ್ಯಾನಿ ಹೋದ ಮ್ಯಾಲೂ ಒಂದ ವರ್ಷ ಎದ್ದ ಕುಂಡ್ರಾಕ ಆಗಿರಲಿಲ್ಲ. ಹೇಳಿ ಕಳಸಿದ್ದ ನಿಮ್ಮ ಮನಿ ಮುಟ್ಟಲಿಲ್ಲ. ಸ್ವಲ್ಪ ನಡಿಯೂ ಹಂಗ ಆದ ಮ್ಯಾಲ ನಮ್ಮಪ್ಪನ ಕರಕೊಂಡ ಬಂದೆ. ಮಧ್ಯಾಹ್ನ ಆಗಿತ್ತ. ಗಂಡಸರ ಹೊಲದಾಗ. ನಿಮ್ಮಜ್ಜಿ ದನದ ಕೊಟ್ಟಗಿ ಕಡೆ ಬಂದಾಕಿ ನನ್ನ ನೋಡಿ ಅಲ್ಲೇ ನಿಲ್ಲಿಸಿದ್ಲು. ಒಳಗ ಕರೀಲಿಲ್ಲ. ಬಯ್ಯಲೂ ಇಲ್ಲ, ಸುಳ್ಳ ಯಾಕ ಹೇಳ್ಲಿ. ಮಜ್ಜಿಗಿ ತಂದ ಕೊಟ್ಲು. ನಿನ್ನ ಹೆಸರಲೆ ನೀರ ಬಿಟ್ಟೇವಿ, ನೀ ಜಗಲಿ ಏರೀದಿ, ನೀ ಹೊಚ್ಚಲಾ ದಾಟಿ ಒಳಗ ಬಂದ್ರ ಮನಿಗೆ ಒಳ್ಳೇದಲ್ಲ ಅಂದ್ಲು. ಅಕಿನೂ ಅಳಾಕತ್ತಿದ್ಲು."

"ಅವ್ವ... ಹೊಸಾಕಿ ಎಲ್ಲಿದ್ಲು?"

"ಪಡಸಾಲಿಯಾಗ. ಕೊಟ್ಟಗ್ಯಾಗಿಂದ ಕಾಣತಿತ್ತ. ಬಸರಿ ಇದ್ಲು. ನೀ ಅಕಿ ತೊಡಿ ಮ್ಯಾಲ ಕುಂತ, ಅಕಿ ಕೊಳ್ಳಾಗಿಂದ ಬೆಳ್ಳಿ ಬಿಲ್ಲಿ ಹಿಡದ ಆಡಾಕತ್ತಿದ್ದಿ. ಅದೇನ ಅಂತ ನಿಮ್ಮಜ್ಜಿನ್ನ ಕೇಳಿದೆ. ಅದ ನೀನ ಅಂದ್ಲು."

ಅವಳು ಬುಟ್ಟಿಯೊಳಗಿನ ಕಾಯಿಯನ್ನು ಕೈಯಿಂದ ಸಮ ಮಾಡಿದಳು.

"ನೀ ಅಕಿನ್ನ ಅವ್ವಾ ಅಂತ ಕರದಿ. ನಾ ಏನಂತ ಒಳಗ ಬರಲಿ? ನಮ್ಮಪ್ಪ ಜಗಳ ತಗೀತೀನಿ ಅಂದ. ನಾನ ಬ್ಯಾಡ ಅಂದೆ."

"ಅಪ್ಪಗ ಗೊತ್ತಿತ್ತೇನ?"

"ಇಲ್ಲ. ನಿಮ್ಮಜ್ಜಿ ಆಣಿ ಹಾಕಿಸ್ಕೊಂಡ್ಲು. ಅಕಿ ಅಂವಗ ಹೇಳಿರೂದಿಲ್ಲ."

ನನಗೆ ಚಿಕ್ಕಂದಿನ ಒಂದು ನೆನಪುಂಟು. ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತು ಒಂದು ಹಿತ್ತಾಳೆಯ ಬಟ್ಟಲನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಾಳೆ, ತಿಕ್ಕುತ್ತ ಅಳುತ್ತಿದ್ದಾಳೆ. ಅದು ಆ ದಿನದ್ದೋ ಬೇರೆ ದಿನದ್ದೋ ನಾನು ಹೇಳಲಾರೆ. ಅವಳ ಮಾತು ಕೇಳಿದ ಮೇಲೆ ನಾನೇ ಕಟ್ಟಿಕೊಂಡದ್ದೂ ಇರಬಹುದು.

ಬಿಸಿಲು ಇಳಿಯುತ್ತಿತ್ತು. ನಾನು ಎದ್ದೆ. ಅವಳು ಒಳಗೆ ಹೋಗಿ ಕುಂಕುಮದ ಬಟ್ಟಲು, ಒಂದು ಖಣ, ಸೇರು ಅಕ್ಕಿ ತಂದಳು. ಅಕ್ಕಿಯ ಮೇಲೆ ಒಂದು ಹಿಡಿ ಶೇಂಗಾ. ಉಡಿ ತುಂಬಲು. ತವರಿಗೆ ಬಂದ ಮಗಳ ಉಡಿಯನ್ನು ತಾಯಿ ತುಂಬುತ್ತಾಳೆ, ತಾಯಿ ಮುತ್ತೈದೆಯಾಗಿದ್ದರೆ. ಗಂಡ ಹೋದವಳು ತುಂಬುವುದಿಲ್ಲ. ನನ್ನ ತಂದೆ ತೀರಿಕೊಂಡ ದಿನದಿಂದ ಅವ್ವ ನನ್ನ ಉಡಿಗೆ ಕೈ ಹಚ್ಚಿರಲಿಲ್ಲ. ನನ್ನ ತಮ್ಮನ ಹೆಂಡತಿಯಿಂದ ತುಂಬಿಸುತ್ತಿದ್ದಳು, ತಾನು ದೂರ ನಿಂತು ನೋಡುತ್ತಿದ್ದಳು.

ಈಗ ನನ್ನ ಎದುರಿಗೆ ಹಸಿರು ಬಳೆಯ ಕೈ ಕುಂಕುಮ ಹಿಡಿದು ನಿಂತಿತ್ತು. ಹೇಳಬೇಕಾದ ಮಾತು ಒಂದೇ ಇತ್ತು, ಅದನ್ನು ಹೇಳಬೇಕಾದವಳು ನಾನೊಬ್ಬಳೇ. ಹೇಳಿದರೆ ಅಲ್ಲೇ, ಆ ಅಂಗಳದಲ್ಲೇ, ಆ ಬಳೆಗಳು ಒಡೆಯುತ್ತಿದ್ದವು.

"ನಿಮ್ಮಪ್ಪ..." ಎಂದು ಅವಳೇ ಶುರು ಮಾಡಿದಳು. ನಾನು ಬಾಯಿ ತೆರೆದೆ. ಅವಳು ಕುಂಕುಮದ ಬೆರಳನ್ನು ನನ್ನ ತುಟಿಗೆ ಅಡ್ಡ ಹಿಡಿದಳು.

"ಬ್ಯಾಡ. ಏನೂ ಹೇಳಬ್ಯಾಡ," ಅಂದಳು. "ಅಲ್ಲಿ ನೀವು ನನ್ನ ಸತ್ತಾಕಿ ಅಂತ ಇಟಗೊಂಡೀರಿ. ಇಲ್ಲಿ ಅಂವನ್ನ ನಾ ಹೆಂಗ ಇಟಗೊಂಡೇನೋ ಹಂಗ ಇರಲಿ."

ಹಣೆಗೆ ಕುಂಕುಮ ಹಚ್ಚಿದಳು. ಉಡಿ ತುಂಬಿದಳು. ನಾನು ಸೆರಗು ಒಡ್ಡಿ ತುಂಬಿಸಿಕೊಂಡೆ. ಕೊನೆಗೆ ಹೆಸರನ್ನು ನಾನು ಕೇಳದೆಯೇ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅವಳ ಸೋದರಳಿಯ ದೊಡ್ಡ ದಾರಿಯವರೆಗೆ ನನ್ನನ್ನು ಕಳಿಸಲು ಬಂದ. ಹಳ್ಳ ದಾಟುವಾಗ ಹೇಳಿದ: "ಮಾವನ ಸುದ್ದಿ ನನಗ ಸಂಕೇಶ್ವರದ ಪ್ಯಾಟ್ಯಾಗ ತಿಳದಿತ್ರಿ, ಎರಡ ವರ್ಷ ಆತ. ಅತ್ತಿಗೆ ಹೇಳಿಲ್ಲ. ಅತ್ತಿಗೆ ಗೊತ್ತಿಲ್ಲ ಅಂತಲೂ ನಾ ಹೇಳಂಗಿಲ್ಲ. ನೀವೂ ಯಾರ ಮುಂದೂ ಅನಬ್ಯಾಡ್ರಿ ಅಕ್ಕಾರ. ಊರಾಗ ಒಬ್ಬರ ಬಾಯಾಗ ಬಂದ್ರ ಸಾಕು, ಹೆಂಗಸರ ಬಳಿ ಒಡಿಯಾಕ ಬಂದ ಕುಂತ ಬಿಡತಾರ."

ಗೋಕಾಕಕ್ಕೆ ಮರಳಿದಾಗ ಅವ್ವ ಬಾಗಿಲಲ್ಲೇ ಇದ್ದಳು. ನನ್ನ ಹಣೆ ನೋಡಿದಳು, ಉಡಿ ನೋಡಿದಳು.

"ಉಡಿ ತುಂಬಿದವರ ಯಾರ?"

"ತವರ ಮನಿಯವರು."

"ಹೆಸರ ಹೇಳಿದ್ರೇನ?"

"ಹೇಳಿದ್ರು." ಅಷ್ಟಕ್ಕೆ ನಾನು ಒಳಗೆ ಹೋದೆ.

ಆ ವಾರ ನಾನು ಅವ್ವನ ಕಣ್ಣು ತಪ್ಪಿಸಿಕೊಂಡು ಓಡಾಡಿದೆ. ಅವಳಿಗೆ ಏನು ಹೇಳಲಿ? ಮೂವತ್ತು ವರ್ಷ ಮೊದಲ ತುತ್ತು ಕೊಟ್ಟು, ಕಷ್ಟಸುಖ ಹೇಳಿಕೊಂಡು, ಮುನಿಯಬೇಡ ಎಂದು ಬೇಡಿಕೊಂಡದ್ದು ಬರಿ ತಗಡಿಗೆ ಎಂದು ಹೇಳಲೇ? ನಿನ್ನ ತೊಡೆಯ ಮೇಲೆ ನಾನಿದ್ದದ್ದನ್ನು ಕೊಟ್ಟಿಗೆಯಲ್ಲಿ ನಿಂತು ಒಬ್ಬಳು ನೋಡಿ ಹೋದಳು ಎಂದು ಹೇಳಲೇ? ಅವ್ವ ಯಾರಿಗೂ ಅನ್ಯಾಯ ಮಾಡಿದವಳಲ್ಲ. ಅದನ್ನು ಕೇಳಿದ ಮೇಲೆ ಮಾಡಿದೆನೆಂದು ತಿಳಿಯುವ ಸ್ವಭಾವ ಅವಳದು.

ತೊಟ್ಟಿಲ ದಿನ ಓಣಿಯ ಹೆಂಗಸರೆಲ್ಲ ಸೇರಿದರು. ಅಳಿಯಂದಿರ ಅಕ್ಕ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿ, ನನ್ನತ್ತ ನೋಡಿದಳು. ನಾನು ಮನೆದೇವರ ಹೆಸರನ್ನು ಹೇಳಿದೆ. ಅವ್ವ ತೊಟ್ಟಿಲ ಹಗ್ಗ ಹಿಡಿದಿದ್ದಳು.

"ಯಾಕ? ಅಕ್ಕನ ಹೆಸರ ಸಿಕ್ಕೇತಿ ಅಂದಿ?"

"ಸಿಕ್ಕೇತಿ ಅವ್ವಾ. ಇಡಾಕ ಬರೂದಿಲ್ಲ."

"ಯಾಕವಾ, ಅಷ್ಟ ಹಳೀ ಹೆಸರೇನ? ಕೇಳಿದ ಕೂಡ್ಲೇ ಕೂಸ ಚೀರತೈತೇನ?" ಎಂದಳು ನೆರೆಮನೆಯವಳು. ಎಲ್ಲರೂ ನಕ್ಕರು.

ಅವ್ವ ನಗಲಿಲ್ಲ. ಅವಳ ಕೈಯಲ್ಲಿ ಹಗ್ಗ ನಿಂತುಬಿಟ್ಟಿತ್ತು. ಹಿರಿಯಳ ಹೆಸರು ಕೂಸಿಗೆ ಇಡಲು ಬಾರದ ಕಾರಣ ನಮ್ಮಲ್ಲಿ ಒಂದೇ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹಾಗೆ ಹೇಳದೆಯೇ ಹೇಳಿದಂತಾಗುತ್ತದೆ ಎಂದು ನನಗೆ ಆ ಕ್ಷಣದವರೆಗೂ ತೋಚಿರಲಿಲ್ಲ. ತೊಟ್ಟಿಲು ತಾನೇ ಎರಡು ಸಲ ತೂಗಿ ನಿಂತಿತು. ಮಗಳು, "ಅಜ್ಜೀ, ತೂಗ," ಎಂದಾಗ ಅವ್ವ ಮತ್ತೆ ತೂಗಿದಳು.

ಮರುದಿನ ಬಚ್ಚಲಲ್ಲಿ, ಕೂಸಿಗೆ ಎರೆಯುತ್ತ, ನನ್ನತ್ತ ನೋಡದೆ ಕೇಳಿದಳು: "ಮೈಯಾಗ ಹೆಂಗ ಅದಾಳ?"

"ಆರಾಮ ಅದಾಳ."

"ಹೊಟ್ಟಿಗೆ?"

"ಅಣ್ಣನ ಮಗ ಚೊಲೊ ನೋಡಕೊಂತಾನ."

ಅವ್ವ ಕೂಸಿನ ಬೆನ್ನಿಗೆ ನೀರು ಹಾಕಿದಳು. "ಬಳಿ?"

"ಹಾಕ್ಕೊಂಡಾಳ."

ಅವ್ವ ತನ್ನ ಬರಿಗೈಯನ್ನು ಒಮ್ಮೆ ನೋಡಿಕೊಂಡಳು. ನಾನು ಉಳಿದದ್ದನ್ನು ಹೇಳಿದೆ, ಕೊಟ್ಟಿಗೆಯದನ್ನು ಒಂದು ಬಿಟ್ಟು. ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಅವ್ವ ಎಲ್ಲ ಕೇಳಿ, "ನೀರ ಆರಾಕತ್ತೈತಿ, ಬಿಸಿ ಹಾಕ," ಎಂದಳು.

ನವರಾತ್ರಿಯ ಮೊದಲಿನ ಅಮಾವಾಸ್ಯೆಗೆ ನಮ್ಮ ಮನೆಗಳಲ್ಲಿ ಹಿರಿಯರನ್ನು ಇಡುತ್ತಾರೆ. ಹೋದವರಿಗೆಲ್ಲ ಹೊಸ ಬಟ್ಟೆ ತಂದು ಜಗಲಿಯ ಮುಂದೆ ಜೋಡಿಸಿ, ಎಡೆ ಮಾಡಿ, ಲೋಬಾನದ ಹೊಗೆ ಹಾಕುತ್ತಾರೆ. ಗಂಡಸಿಗೆ ಧೋತರ, ಮುತ್ತೈದೆಯಾಗಿ ಹೋದವಳಿಗೆ ಹಸಿರು ಸೀರೆ. ಪೂಜೆಯಾದ ಮೇಲೆ ಮನೆಯವರು ಉಡುತ್ತಾರೆ. ಅಕ್ಕನ ಸೀರೆಯನ್ನು ಅವ್ವನೇ ಉಡುತ್ತಿದ್ದಳು. ಆ ವರ್ಷ ನಾನು ಮೂಡಲಗಿಗೆ ಹೋದೆ. ಅವ್ವ ಸೀರೆ ತರುತ್ತಾಳೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ತರದಿದ್ದರೆ ತಮ್ಮ ಕೇಳುತ್ತಾನೆ, ಓಣಿ ಕೇಳುತ್ತದೆ. ಮಾತು ಹುಕ್ಕೇರಿ ಮುಟ್ಟಲು ಒಂದು ಸಂತೆ ಸಾಕು. ತಂದರೆ, ಬದುಕಿರುವವಳಿಗೆ ಎಡೆ ಮಾಡಿದಂತೆ.

ಅವ್ವ ಸೀರೆ ತಂದಿದ್ದಳು. ಎಂದಿನದಕ್ಕಿಂತ ದಪ್ಪ ನೂಲಿನದು, ದಿನಾ ಉಡುವಂಥದ್ದು. ತಂದೆಯ ಧೋತರ, ಅಜ್ಜಿಯ ಸೀರೆ ಒಂದು ಕಡೆ ಇಟ್ಟಳು. ಹಸಿರು ಸೀರೆಯನ್ನು ದೂರ, ಗೋಡೆಯ ಹತ್ತಿರದ ಮಣೆಯ ಮೇಲೆ ಇಟ್ಟಳು.

"ಅದ್ಯಾಕ ಅಷ್ಟ ದೂರ ಇಟ್ಟಿ?" ಎಂದು ತಮ್ಮ ಕೇಳಿದ.

"ಅಕ್ಕಗ ಹೊಗಿ ಆಗೂದಿಲ್ಲ," ಎಂದಳು ಅವ್ವ.

ತಮ್ಮ ನಕ್ಕ. ಎಡೆಯನ್ನು ಎಲ್ಲರಿಗೂ ಬಡಿಸಿದಳು, ಸೀರೆಯ ಮುಂದೆಯೂ. ಆದರೆ ಲೋಬಾನದ ಹೊಗೆಯನ್ನು ಅಲ್ಲಿಗೆ ಒಯ್ಯಲಿಲ್ಲ. ಸಂಜೆ ಸೀರೆಯನ್ನು ಮಡಚಿ ನನ್ನ ಗಂಟಿನಲ್ಲಿ ಇಟ್ಟಳು.

"ಮೂವತ್ತ ವರ್ಷ ಅಕಿ ಸೀರಿ ನಾ ಉಟ್ಟೇನಿ," ಎಂದಳು. "ಒಯ್ದ ಕೊಡ. ನಾ ಕೊಟ್ಟೆ ಅನಬ್ಯಾಡ." ಆಮೇಲೆ ಜಗಲಿಯ ಮೇಲಿನ ತಗಡನ್ನು ಕೈಗೆ ಎತ್ತಿಕೊಂಡಳು. ಬಹಳ ಹೊತ್ತು ಹಿಡಿದುಕೊಂಡಿದ್ದು, "ಇದನ್ನೇನ ಮಾಡೂದೋ ನನಗ ತಿಳೀವಲ್ತ," ಎಂದು ಅಲ್ಲೇ ಇಟ್ಟಳು.

ದೀಪಾವಳಿಯ ಸಂತೆಗೆ ಯಜಮಾನರ ಜೊತೆ ಮತ್ತೆ ಹುಕ್ಕೇರಿಗೆ ಹೋದೆ. ಅಂಗಳದಲ್ಲಿ ಶೇಂಗಾ ಇರಲಿಲ್ಲ, ಸಾರಿಸಿ ರಂಗೋಲಿ ಹಾಕಿದ್ದರು. ಅವಳು ಕಟ್ಟೆಯ ಮೇಲೆ ಕುಳಿತು ಸೀರೆಯನ್ನು ಬಿಡಿಸಿದಳು, ಸೆರಗು ನೋಡಿದಳು, ಮೂಗಿನ ಹತ್ತಿರ ಹಿಡಿದಳು. ಎಷ್ಟು ದೂರ ಇಟ್ಟರೂ ಕೋಣೆ ಒಂದೇ.

"ಲೋಬಾನದ ವಾಸನಿ ಬರತೈತಿ," ಎಂದಳು. "ನನಗ ಇಟ್ಟಿದ್ದ ಸೀರಿ ಏನ ಇದು?"

ನಾನು ಹೌದೆಂದೆ.

ಅವಳಿಗೆ ಸಿಟ್ಟು ಬರಲಿಲ್ಲ. "ಎಡಿಗೆ ಏನೇನ ಮಾಡಿದ್ರಿ?"

"ಹೋಳಿಗಿ, ಕಟ್ಟಿನ ಸಾರ, ಬದನಿಕಾಯಿ ಪಲ್ಯ, ಭಜಿ."

"ಹೋಳಿಗಿಗೆ ತುಪ್ಪ ಹಾಕಿದ್ರೇನ?"

"ಹಾಕಿದ್ರು."

"ಯಾರ ಹಾಕಿದ್ರ?"

"ಅವ್ವ."

"ಹ್ಞೂಂ," ಎಂದಳು. ಸೀರೆಯನ್ನು ಮಡಚತೊಡಗಿದಳು. ಅರ್ಧ ಮಡಚಿ, "ನನ್ನ ಬಾಜೂಕ ಮತ್ತ..." ಎಂದು ಕೇಳಲು ಹೋದವಳು ನಿಂತಳು. ಜಗಲಿಯ ಮುಂದೆ ಮತ್ತೆ ಯಾರ ಬಟ್ಟೆ ಇತ್ತೆಂದು ಅವಳು ಕೇಳಿದ್ದರೆ ನಾನು ಸುಳ್ಳು ಹೇಳುತ್ತಿದ್ದೆನೋ, ನಿಜ ಹೇಳುತ್ತಿದ್ದೆನೋ ನನಗೆ ಈಗಲೂ ತಿಳಿಯದು. ಅವಳು ಕೇಳಲಿಲ್ಲ. ಸೀರೆ ಮಡಚುವಾಗ ಮಣಿಕಟ್ಟಿಗೆ ಜಾರಿದ್ದ ಬಳೆಗಳನ್ನು ಮೊಣಕೈಯ ಕಡೆಗೆ ಏರಿಸಿಕೊಂಡಳು, ಮಡಿಕೆಗಳನ್ನು ಅಂಗೈಯಿಂದ ತಿಕ್ಕಿ ಸರಿ ಮಾಡಿದಳು.

"ಹಬ್ಬಕ್ಕ ಉಡತೀನಿ," ಎಂದಳು.